ಸವಕಳಿ ಸಾಹೇಬರ ಸೂರು

ನಮ್ಮ ಮನೆಯವರನ್ನು ಬೀದಿಯವರೆಲ್ಲ ಸವಕಳಿ ಸಾಹೇಬ್ರು ಅಂತಲೇ ಕರೆಯೋದು. ಎದುರಿಗಲ್ಲ, ಬೆನ್ನ ಹಿಂದೆ. ಎದುರಿಗೆ ಬರೀ ಸಾಹೇಬ್ರು. ಈ ಹೆಸರು ಇಟ್ಟೋರು ಯಾರು ಅಂತ ಇವರು ಬಹಳ ದಿನ ಹುಡುಕಿದರು. ಇಟ್ಟಿದ್ದು ನಾನೇ. ಮೂವತ್ತು ವರ್ಷ ಒಂದೇ ಸೂರಿನ ಕೆಳಗೆ ಸಂಸಾರ ಮಾಡಿದ ಮೇಲೆ ಅಷ್ಟು ಹಕ್ಕೂ ಇಲ್ಲ ಅಂದ್ರೆ ಹೇಗೆ?

ಇವರಿದ್ದದ್ದು ವಿಮಾ ಕಂಪನಿಯಲ್ಲಿ. ಗಾಳಿಗೆ ಯಾರದಾದರೂ ಮನೆಯ ಸೂರು ಹಾರಿಹೋದರೆ, ಕಂಪನಿ ದುಡ್ಡು ಬಿಚ್ಚುವ ಮುಂಚೆ ಒಬ್ಬರು ಬಂದು ನೋಡಿ ವರದಿ ಬರೀತಾರಲ್ಲ, ಆ ಸರ್ವೇಯರ್ ಇವರು. ಇಪ್ಪತ್ತೊಂಬತ್ತು ವರ್ಷ ಅದನ್ನೇ ಮಾಡಿದರು. ಹೆಗಲಿಗೊಂದು ಚರ್ಮದ ಚೀಲ, ಅದರಲ್ಲಿ ಅಳತೆ ಟೇಪು, ಟಾರ್ಚು, ಒಂದು ಸಣ್ಣ ಚಾಕು. ಚಾಕು ಹಣ್ಣು ಹೆಚ್ಚೋಕಲ್ಲ, ಸೂರಿನ ಮರಕ್ಕೆ ಚುಚ್ಚಿ ನೋಡೋಕೆ. ತುದಿ ಸಲೀಸಾಗಿ ಒಳಗೆ ಹೋದರೆ ಮರ ಮೆತ್ತಗಾಗಿದೆ ಅಂತ, ಹೋಗದಿದ್ದರೆ ಗಟ್ಟಿ ಅಂತ. ಇಷ್ಟೇ ವಿದ್ಯೆ. ಆದರೆ ಇವರು ಹೇಳೋದು ಕೇಳಿದರೆ ಹೃದಯದ ಆಪರೇಷನ್ನು ಇದಕ್ಕಿಂತ ಸುಲಭ ಅನ್ನಿಸಬೇಕು.

ಸವಕಳಿ ಅಂದರೆ ಏನು ಅಂತ ನನಗೆ ಗೊತ್ತಾಗಿದ್ದು ಮದುವೆಯಾದ ಎರಡನೇ ತಿಂಗಳಲ್ಲಿ. ನನಗೊಂದು ಜೊತೆ ಚಪ್ಪಲಿ ತಂದುಕೊಟ್ಟರು. ಪಾಪ, ಪ್ರೀತಿಯಿಂದಲೇ ತಂದಿದ್ದರು. ಹಾಕಿಕೊಂಡು ಅಂಗಳದ ತನಕ ಹೋಗಿ ಬಂದೆ. "ಈಗ ನೋಡು, ನೂರಕ್ಕೆ ಹತ್ತು ಹೋಯ್ತು" ಅಂದರು. ಏನು ಹೋಯ್ತು ಅಂತ ನಾನು ಕಾಲು ಎತ್ತಿ ನೋಡಿದೆ. "ಬೆಲೆ ಕಣೇ. ನಾಳೆ ಇದನ್ನ ಯಾರಾದರೂ ಕದ್ದರೆ ನಿನಗೆ ಬರಬೇಕಾದ್ದು ಹೊಸ ಚಪ್ಪಲಿ ದುಡ್ಡಲ್ಲ, ಅಂಗಳ ಸುತ್ತಿ ಬಂದ ಚಪ್ಪಲಿ ದುಡ್ಡು." ಅವತ್ತೇ ನನಗೆ ಇವರ ಹಣೆಬರಹ, ಅಂದರೆ ನನ್ನ ಹಣೆಬರಹ, ಅರ್ಥವಾಗಬೇಕಿತ್ತು.

ಆಮೇಲೆ ಕುರ್ಚಿ, ಕೊಡೆ, ಮಿಕ್ಸಿ, ಕೊನೆಗೆ ಸೋದರಮಾವನ ಹಲ್ಲಿನ ಸೆಟ್ಟು, ಎಲ್ಲದಕ್ಕೂ ವಯಸ್ಸು ಕೇಳಿ ಶೇಕಡಾ ಹೇಳೋದು ಇವರ ಚಟವಾಯಿತು. ಒಂದು ಸಲ ಸಿಟ್ಟಿನಲ್ಲಿ, "ನಾನೆಷ್ಟು ಸವೆದಿದೀನಿ, ಅದನ್ನೂ ಹೇಳಿಬಿಡಿ" ಅಂದೆ. ಗಂಡಸು ಅಂದಮೇಲೆ ಇಂಥ ಕಡೆ ಬಾಯಿ ಮುಚ್ಚಿಕೊಂಡಿರಬೇಕು. ಇವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿರ್ವಹಣೆ ಚೆನ್ನಾಗಿದೆ" ಅಂದರು. ಎರಡು ದಿನ ಮಾತು ಬಿಟ್ಟಿದ್ದೆ.

ಮನೆಯಲ್ಲಾದರೆ ಅದು ತಮಾಷೆ. ಹೊರಗೆ ಅದೇ ಜನರ ಪಾಲಿಗೆ ಕಣ್ಣೀರು. ಗಾಳಿ ಕಿತ್ತುಕೊಂಡು ಹೋದ ಸೂರಿಗೆ ಕಂಪನಿ ದುಡ್ಡು ಕೊಡಬೇಕು. ಹಳೇದಾಗಿ ತಾನಾಗೇ ಉದುರಿದ್ದಕ್ಕೆ ಕೊಡಬೇಕಾಗಿಲ್ಲ. ಹಾಳಾಗಿದೆ ಅಂತ ಗೊತ್ತಿದ್ದೂ ರಿಪೇರಿ ಮಾಡಿಸದೆ ಕೂತಿದ್ದರಂತೂ ಅದಕ್ಕೆ ಅಲಕ್ಷ್ಯ ಅಂತ ಹೆಸರು, ಬಿಡಿಗಾಸೂ ಇಲ್ಲ. ಇವರ ವರದಿಗಳಲ್ಲಿ ಗಾಳಿ ಅನ್ನೋದು ಬೀಸಿದ್ದೇ ಅಪರೂಪ. "ಗಾಳಿ ವರ್ಷಕ್ಕೆ ಒಂದು ದಿನ ಬೀಸುತ್ತೆ ಕಣೇ, ಸವಕಳಿ ದಿನಾ ಬೀಸುತ್ತೆ" ಅನ್ನೋರು. ಕಂಪನಿಯವರಿಗೆ ಈ ಮಾತು ಎಷ್ಟು ಹಿಡಿಸಿತು ಅಂದರೆ, ಹೋದ ವರ್ಷ ನಿವೃತ್ತಿಯ ದಿನ ಗಾಜು ಹಾಕಿಸಿದ ಒಂದು ಫಲಕ ಕೊಟ್ಟರು. ಬಂಗಾರದ ಬಣ್ಣದ ಅಕ್ಷರ: "ಇಪ್ಪತ್ತೊಂಬತ್ತು ವರ್ಷ ಕಂಡದ್ದನ್ನೇ ಬರೆದವರಿಗೆ." ಹಾಲಿನಲ್ಲಿ ನಮ್ಮ ಮದುವೆ ಫೋಟೋ ಇದ್ದ ಮೊಳೆಗೆ ಅದು ಬಂತು. ಮದುವೆ ಫೋಟೋ ಬೀರು ಮೇಲೆ ಹೋಯ್ತು.

ಇಷ್ಟೆಲ್ಲ ಆದರೂ ನಮ್ಮ ಸ್ವಂತ ಸೂರಿನ ಗತಿ ಏನಾಗಿತ್ತು ಅಂತೀರಿ? ಅದಕ್ಕೂ ಒಂದು ಪುಸ್ತಕ ಇತ್ತು. ನೀಲಿ ರಟ್ಟಿನ ದಪ್ಪ ಪುಸ್ತಕ. ಪ್ರತಿ ವರ್ಷ ಒಂದೇ ತಾರೀಖಿಗೆ ಇವರು ಏಣಿ ಹಾಕಿ ಹತ್ತಿ, ಚಾಕು ಚುಚ್ಚಿ, ಇಳಿದು ಬಂದು, ಕೈ ತೊಳೆದು ಬರೆಯೋರು. ಮುಂಬದಿ ಇಷ್ಟು ಹೆಂಚು ಬಿರುಕು, ಹಿಂಬದಿ ಇಷ್ಟು ರೀಪು ಮೆತ್ತಗೆ. ರೀಪು ಅಂದರೆ ಹೆಂಚು ಕೂರುವ ಮರದ ಪಟ್ಟಿಗಳು. ಬರೆದಾದ ಮೇಲೆ ಸಹಿ, ಸಹಿ ಕೆಳಗೆ ಎರಡು ಗೀಟು. ಪುಸ್ತಕ ಮುಚ್ಚಿ ಕಪಾಟಿಗೆ. ಮುಗೀತು! ಬಿರುಕು ಬಿಟ್ಟ ಹೆಂಚು ಅಲ್ಲೇ, ಮೆತ್ತಗಾದ ರೀಪು ಅಲ್ಲೇ. "ರೀ, ಬರೆದಿರಲ್ಲ, ಇನ್ನು ರಿಪೇರಿ ಮಾಡಿಸಿ" ಅಂದರೆ, "ನೋಡೋದು, ಬರೆಯೋದು ಸರ್ವೇಯರ್ ಕೆಲಸ ಕಣೇ. ರಿಪೇರಿ ಬೇರೆ ಇಲಾಖೆ" ಅನ್ನೋರು. ಆ ಬೇರೆ ಇಲಾಖೆ ನಮ್ಮ ಮನೆಯಲ್ಲಿ ಯಾವುದು ಅಂತ ಕೇಳಿದರೆ ಪೇಪರ್ ಹಿಡಿದು ಮುಖ ಮುಚ್ಚಿಕೊಳ್ಳೋರು.

ಆ ಇಲಾಖೆ ನಾನೇ ಆದೆ. ಎಂಟು ವರ್ಷದ ಹಿಂದಿನ ಮಾತು. ಪುಸ್ತಕದಲ್ಲಿ "ಹಿಂಬದಿ ಎಂಟು ರೀಪು ಮೆತ್ತಗೆ, ಹದಿನಾರು ಹೆಂಚು ಬಿರುಕು" ಅಂತ ಬರೆದಿದ್ದರು. ಆ ಎಂಟು ರೀಪಿನ ನೇರ ಕೆಳಗೆ ನನ್ನ ಹೊಲಿಗೆ ಮಿಷನ್ನು. ಶಾಲೆ ಮಕ್ಕಳ ಸಮವಸ್ತ್ರ ಹೊಲಿದುಕೊಡೋದು ನನ್ನ ಕಸುಬು. ತಲೆ ಮೇಲೆ ಹೆಂಚು ಬೀಳುತ್ತೋ ಅಂತ ನೋಡ್ತಾ ನೋಡ್ತಾ ಒಂದು ಕಾಲರು ಉಲ್ಟಾ ಹೊಲಿದೆ. ಸಾಕಪ್ಪಾ ಅನ್ನಿಸಿತು. ಇವರು ನಾಲ್ಕು ದಿನ ಕೆಲಸದ ಮೇಲೆ ಬೇರೆ ಊರಿಗೆ ಹೋದಾಗ ಹೆಂಚಿನ ಮೇಸ್ತ್ರಿಯನ್ನು ಕರೆಸಿದೆ. ಪುಸ್ತಕ ಎದುರಿಗಿಟ್ಟುಕೊಂಡು ಒಂದೊಂದೇ ಓದಿ ಹೇಳಿದೆ, ಅವನು ಒಂದೊಂದೇ ಬದಲಾಯಿಸಿದ. ಹೊಲಿಗೆ ದುಡ್ಡಲ್ಲಿ ಕೊಟ್ಟೆ. ಬಿಲ್ಲು ಮಾತ್ರ ತಾರೀಖು ಹಾಕಿಸಿ, ಯಾವ ಕಡೆ ಎಷ್ಟು ರೀಪು, ಎಷ್ಟು ಹೆಂಚು ಅಂತ ಬರೆಸಿ ತಗೊಂಡೆ. ಸರ್ವೇಯರ್ ಹೆಂಡತಿ ನಾನು, ಬಿಲ್ಲಿಲ್ಲದೆ ಬಿಡ್ತೀನಾ? ಮಿಷನ್ನಿನ ಡ್ರಾಯರಿನಲ್ಲಿ ಗುಂಡಿ ಡಬ್ಬಿಯ ಕೆಳಗೆ ಇಟ್ಟೆ.

ಮುಂದಿನ ವರ್ಷದ ತಾರೀಖು ಬರಲಿ ಅಂತ ಕಾದೆ. ಏಣಿ ಹತ್ತಿ ನೋಡಿ, ಕೆಂಪಗೆ ಹೊಳೀತಿರೋ ಹೊಸ ಹೆಂಚು ಕಂಡು ಇವರ ಮುಖ ಹೇಗಾಗುತ್ತೋ ಅಂತ ಒಳಗೊಳಗೇ ನಗು. ತಾರೀಖು ಬಂತು. ಏಣಿ ಹಾಕಿದ ಸದ್ದಿಲ್ಲ. ಸಂಜೆ ಪುಸ್ತಕ ತೆಗೆದು ನೋಡಿದರೆ, "ಹಿಂಬದಿ ಒಂಬತ್ತು ರೀಪು ಮೆತ್ತಗೆ, ಹತ್ತೊಂಬತ್ತು ಹೆಂಚು ಬಿರುಕು." ಸಹಿ, ಎರಡು ಗೀಟು.

ಇವರಿಗೆ ಮಂಡಿ ನೋವು ಶುರುವಾಗಿತ್ತು. ಅದನ್ನು ಒಪ್ಪಿಕೊಳ್ಳೋಕೆ ಮನಸ್ಸಿಲ್ಲ. ಕುರ್ಚಿಯಲ್ಲೇ ಕೂತು ಹಳೇ ವರ್ಷದ್ದು ನೋಡಿ, ಅದಕ್ಕೆ ಸ್ವಲ್ಪ ಸವಕಳಿ ಸೇರಿಸಿ ಬರೆದುಬಿಟ್ಟಿದ್ದರು. ಅದರ ಮುಂದಿನ ವರ್ಷ ಹತ್ತು ರೀಪು. ಹೀಗೇ ಏಳು ವರ್ಷ. ಮೇಲೆ ರೀಪು ಗಟ್ಟಿಯಾಗಿತ್ತು, ಪುಸ್ತಕದಲ್ಲಿ ಕೊಳೀತಾ ಹೋಯ್ತು. ಮೊದಲ ವರ್ಷ ನಾನು ನಕ್ಕೆ. ಎರಡನೇ ವರ್ಷವೂ ನಕ್ಕೆ. ಕೇಳಲಿಲ್ಲ. ಕೇಳಿದರೆ ದುಡ್ಡು ಖರ್ಚು ಮಾಡಿದ್ದು ಹೇಳಬೇಕಾಗುತ್ತೆ ಅನ್ನೋದು ಒಂದು. ಇವರ ಮುಖ ಸಣ್ಣದಾಗುತ್ತೆ ಅನ್ನೋದು ಇನ್ನೊಂದು.

ಮೂರನೇ ವರ್ಷ ಪಕ್ಕದ ಮನೆ ಟೀಚರಮ್ಮನ ಸೂರು ಗಾಳಿಗೆ ಹೋಯಿತು. ಅವರು ನಿವೃತ್ತ ಶಾಲಾ ಶಿಕ್ಷಕಿ, ಒಬ್ಬರೇ ಇರೋದು, ಹಾಲಿನಲ್ಲಿ ಕಪ್ಪುಹಲಗೆ ಹಾಕಿಕೊಂಡು ಮಕ್ಕಳಿಗೆ ಮನೆಪಾಠ ಹೇಳ್ತಾರೆ. ಅವರದ್ದೂ ಇದೇ ಕಂಪನಿಯ ವಿಮೆ. ನೋಡೋಕೆ ಹೋದದ್ದು ಇವರೇ. ನಮ್ಮ ಅಡುಗೆಮನೆ ಕಿಟಕಿಯಿಂದ ನಾನು ನೋಡ್ತಿದ್ದೆ. ಅಂಗಳದಲ್ಲಿ ನಿಂತರು, ಹಣೆಗೆ ಕೈ ಅಡ್ಡ ಇಟ್ಟು ಮೇಲೆ ನೋಡಿದರು, ಟೀಚರಮ್ಮ ತಂದುಕೊಟ್ಟ ಕಾಫಿ ಕುಡಿದರು, ಬರೆದರು. "ತೊಲೆ ಹುಳ ತಿಂದಿದೆ, ರೀಪು ಮೆತ್ತಗೆ, ಹಳೇ ಅಲಕ್ಷ್ಯ." ಏಣಿ ನಮ್ಮ ಮನೆ ಗೋಡೆಗೆ ಒರಗಿಕೊಂಡೇ ಇತ್ತು. ನಾನು ಕಂಡೆ. ಕಂಡೂ ಸುಮ್ಮನಾದೆ. ಟೀಚರಮ್ಮನಿಗೆ ಒಂದು ಕಾಸೂ ಬರಲಿಲ್ಲ. ಹೆಂಚು ಹಾಕಿಸೋಕೆ ಆಗದೆ ಅದೇ ತೊಲೆಗಳ ಮೇಲೆ ತಗಡು ಹೊದಿಸಿಕೊಂಡರು.

ಇನ್ನು ನಮ್ಮ ಸರದಿ. ಈ ವರ್ಷ ಒಂದು ಮಧ್ಯಾಹ್ನ ಮೂರು ಗಂಟೆಗೆ ಗಾಳಿ ಎದ್ದಿತು ನೋಡಿ, ಬೀದಿಯಲ್ಲಿದ್ದ ಸೈಕಲ್ಲುಗಳು ತಾವಾಗಿಯೇ ಹೊರಟವು. ನಮ್ಮ ಹಿಂಬದಿಯ ಸೂರು ಒಂದೇ ಏಟಿಗೆ ಎದ್ದು ಹೋಗಿ ಹಿಂದಿನ ಬೀದಿಗೆ ಬಿತ್ತು. ನಾನು ಮಿಷನ್ನಿನ ಮೇಲೆ ಕವುಚಿ ಬಿದ್ದು, "ರೀ, ಬನ್ನಿ, ಹಿಡ್ಕೊಳ್ಳಿ" ಅಂತ ಕಿರುಚ್ತಾ ಇದ್ದೀನಿ, ಇವರು ಫಲಕ ಎದೆಗೆ ಅಪ್ಪಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ! ಮೂವತ್ತು ವರ್ಷದ ಸಂಸಾರದಲ್ಲಿ ಇವರ ಮೇಲೆ ನನಗೆ ಅಷ್ಟು ಕೋಪ ಯಾವತ್ತೂ ಬಂದಿರಲಿಲ್ಲ.

ಹೆಂಚಿನ ಮೇಸ್ತ್ರಿ ಬಂದು ತಾರ್ಪಾಲು ಕಟ್ಟಿಕೊಟ್ಟ. ಹಾನಿ ಇನ್ನೂ ಹೆಚ್ಚದ ಹಾಗೆ ನೋಡಿಕೊಳ್ಳೋದು ಮನೆಯವರ ಜವಾಬ್ದಾರಿ, ಅದು ಮಾಡದಿದ್ದರೆ ಅದನ್ನೂ ಹಿಡ್ಕೊಂಡು ಕಂಪನಿ ಕಡಿತ ಮಾಡುತ್ತೆ ಅಂತ ಇವರೇ ನೂರು ಸಲ ಹೇಳಿದ್ದು ನೆನಪಿತ್ತು. ಹಿಂದಿನ ಬೀದಿಗೆ ಬಿದ್ದ ಮುರುಕು ಮರವನ್ನೆಲ್ಲ ದಾರಿಗೆ ಅಡ್ಡ ಅಂತ ಪೌರಕಾರ್ಮಿಕರು ಮರುದಿನವೇ ಲಾರಿಗೆ ತುಂಬಿಕೊಂಡು ಹೋದರು. ತಾರ್ಪಾಲಿನ ಕೆಳಗೆ ಸಂಸಾರ ಮಾಡೋಕಾಗುತ್ತಾ? ಮಳೆಗಾಲ ಬಾಗಿಲಲ್ಲಿತ್ತು. "ನಮ್ಮನೆಗೆ ಬನ್ನಿ, ಎರಡು ಕೋಣೆ ಖಾಲಿ ಇವೆ" ಅಂದವರು ಯಾರು? ಟೀಚರಮ್ಮ. ನನಗೆ ಆ ಹೊಸ್ತಿಲು ದಾಟೋಕೆ ಕಾಲೇ ಬರಲಿಲ್ಲ. ಇವರು ಸಲೀಸಾಗಿ ದಾಟಿ, ಹಾಲಿನಲ್ಲಿ ಕಪ್ಪುಹಲಗೆ ಪಕ್ಕ ಒಂದು ಮೊಳೆ ಖಾಲಿ ಕಂಡು ಫಲಕ ನೇತುಹಾಕಿದರು. ಟೀಚರಮ್ಮ ಕನ್ನಡಕ ಸರಿಮಾಡಿಕೊಂಡು ಅದನ್ನು ಓದಿದರು. "ಚೆನ್ನಾಗಿ ಬರೆಸಿದಾರೆ" ಅಂದರು.

ಅವತ್ತು ಸಂಜೆ ಕಾಗದ ಪೆನ್ನು ಹಿಡಿದು ಕೂತ ಇವರ ಮುಖ ನೋಡೋ ಹಾಗಿರಲಿಲ್ಲ. "ಇಪ್ಪತ್ತು ವರ್ಷದ ಸೂರು ಕಣೇ. ನೂರಕ್ಕೆ ಅರವತ್ತು ಸವಕಳಿ. ಉಳಿದ ನಲವತ್ತರಲ್ಲಿ ಮೊದಲ ಹತ್ತು ನಮ್ಮ ಪಾಲು, ಅದನ್ನ ಕಂಪನಿ ಯಾವಾಗಲೂ ಕೊಡಲ್ಲ. ಕೈಗೆ ಬರೋದು ಮೂವತ್ತು. ಅಷ್ಟರಲ್ಲಿ ಅರ್ಧ ಸೂರೂ ಏಳಲ್ಲ."

"ಅದು ಅಗ್ಗದ ಪಾಲಿಸಿಯ ಲೆಕ್ಕ" ಅಂದೆ.

"ನಮ್ಮದೂ ಅದೇ. ನಾನೇ ಮಾಡಿಸಿದ್ದು."

"ಕಂತು ಕಟ್ಟೋಕೆ ವರ್ಷ ವರ್ಷ ಹೋಗ್ತಿದ್ದವಳು ನಾನು. ಆರು ವರ್ಷದ ಹಿಂದೆ ಕೌಂಟರಿನವರು ಕೇಳಿದರು, ಹಳೇದಕ್ಕೆ ಹಳೇ ಬೆಲೆ ಸಾಕಾ, ಹೊಸದಕ್ಕೆ ಹೊಸದು ಬೇಕಾ ಅಂತ. ವರ್ಷಕ್ಕೆ ನಾಲ್ಕು ಜೊತೆ ಸಮವಸ್ತ್ರ ಹೊಲಿದಷ್ಟು ಜಾಸ್ತಿ. ಹೊಸದೇ ಇರಲಿ ಅಂದೆ."

ಇವರು ಎದ್ದು ನಿಂತರು. "ನನ್ನನ್ನು ಕೇಳದೆ..." ಅಂತ ಶುರು ಮಾಡಿದವರು ಅರ್ಧಕ್ಕೇ ನಿಲ್ಲಿಸಿ ಮತ್ತೆ ಕೂತು ಲೆಕ್ಕ ಹಾಕಿದರು. ಹೊಸದಕ್ಕೆ ಹೊಸದು ಅಂದರೆ ಕಂಪನಿ ಮೊದಲು ಸವಕಳಿ ಕಳೆದು ಮೂವತ್ತೇ ಕೊಡುತ್ತೆ. ಸೂರು ಪೂರ್ತಿ ಕಟ್ಟಿಸಿ ಬಿಲ್ಲು ತೋರಿಸಿದ ಮೇಲೆ ಹಿಡಿದಿಟ್ಟ ಅರವತ್ತನ್ನೂ ಕೊಡುತ್ತೆ. ನಾವು ಕೈಯಿಂದ ಹಾಕಬೇಕಾದ್ದು ಆ ಹತ್ತು ಮಾತ್ರ. "ಅಬ್ಬಾ!" ಅಂದರು. ಸಿಟ್ಟು ಮಾಡಬೇಕೋ ಕೈ ಮುಗಿಯಬೇಕೋ ತಿಳಿಯದೆ ಇವರು ಕೊನೆಗೆ ಕಾಫಿ ಕೇಳಿದರು.

ಆದರೆ ಇದೆಲ್ಲ ಯಾವಾಗ? ಗಾಳಿಯಿಂದಲೇ ಹೋಯಿತು ಅಂತ ವರದಿ ಬಂದರೆ. ಅಲಕ್ಷ್ಯ ಅಂತ ಬಂದರೆ ಹೊಸದೂ ಇಲ್ಲ, ಹಳೇದೂ ಇಲ್ಲ, ಇವರ ನಿವೃತ್ತಿಯ ಗಂಟಿನ ಅರ್ಧ ಸೂರಿಗೇ ಹೋಗ್ತದೆ.

ಸರ್ವೇಗೆ ಬಂದದ್ದು ಒಬ್ಬ ಹುಡುಗಿ. ಇವರ ಕೈಕೆಳಗೇ ಮೂರು ವರ್ಷ ಪಳಗಿದವಳು. ಅದೇ ಥರದ ಚರ್ಮದ ಚೀಲ, ಅದೇ ಥರದ ಚಾಕು. ಬಂದವಳೇ ಕೂದಲು ಬಿಗಿಯಾಗಿ ಕಟ್ಟಿ ಏಣಿ ಕೇಳಿದಳು. "ಹತ್ತೋದೇನೂ ಬೇಡಮ್ಮಾ, ಅನುಭವ ಇರೋರಿಗೆ ಕೆಳಗಿಂದಲೇ ಗೊತ್ತಾಗುತ್ತೆ" ಅಂದರು ಇವರು. ಅವಳು ಕೇಳಿಸಿಕೊಂಡರೂ ಹತ್ತಿದಳು. ಅರ್ಧ ಗಂಟೆ ಮೇಲೆ ಇದ್ದು, ಮೈಯೆಲ್ಲ ಮಸಿ ಮಾಡಿಕೊಂಡು ಇಳಿದಳು. ನಮ್ಮ ಮನೆಯಲ್ಲಿ ಕೂರೋಕೆ ಜಾಗ ಇರಲಿಲ್ಲ, ಟೀಚರಮ್ಮನ ಹಾಲಿಗೆ ಬಂದೆವು.

"ಮುಂಬದಿ ಗಟ್ಟಿ ಇದೆ ಸರ್. ಹಿಂಬದಿಯ ಮರವೇ ಇಲ್ಲ, ಲಾರಿಗೆ ಹೋಗಿದೆ. ಗಾಳಿಗೆ ಮುಂಚೆ ಅದು ಹೇಗಿತ್ತು ಅನ್ನೋಕೆ ಏನಾದರೂ ದಾಖಲೆ ಇದೆಯಾ?"

"ದಾಖಲೆಯಾ!" ಇವರ ಮುಖ ಅರಳಿತು. "ಇಪ್ಪತ್ತು ವರ್ಷದ್ದಿದೆ. ಒಂದು ವರ್ಷ ಬಿಟ್ಟಿಲ್ಲ."

"ರೀ, ಬೇಡ" ಅಂದೆ. ನನ್ನ ಮಾತು ಯಾವಾಗ ಕೇಳಿದಾರೆ? ನೀಲಿ ಪುಸ್ತಕ ತಂದು ಅವಳ ಕೈಗೇ ಕೊಟ್ಟರು. ತಮ್ಮ ಕಾಲಿಗೆ ತಾವೇ ಕೊಡಲಿ ಹಾಕಿಕೊಳ್ಳೋರನ್ನು ಕಂಡಿದ್ದೆ, ಕೊಡಲಿಗೆ ಸಹಿ ಹಾಕಿ ಎರಡು ಗೀಟು ಎಳೆದುಕೊಟ್ಟೋರನ್ನು ಕಂಡಿದ್ದು ಇದೇ ಮೊದಲು.

ಹುಡುಗಿ ನಿಧಾನವಾಗಿ ಓದಿದಳು. "ಹೋದ ವರ್ಷ, ಹಿಂಬದಿ ಹದಿನೈದು ರೀಪು ತೀರಾ ಮೆತ್ತಗೆ, ಮೂವತ್ತೇಳು ಹೆಂಚು ಬಿರುಕು. ಸರ್, ಇದು ಗೊತ್ತಿದ್ದೂ..." ಅಂತ ನಿಲ್ಲಿಸಿದಳು. ಅವಳಿಗೆ ಆ ಪದ ಹೇಳೋಕೆ ಬಾಯಿ ಬರಲಿಲ್ಲ. ಹೇಳಿಕೊಟ್ಟವರ ಎದುರಿಗೇ ಹೇಗೆ ಹೇಳ್ತಾಳೆ? ಇವರ ತುಟಿ ಮಾತ್ರ ಅಲ್ಲಾಡಿತು. "ಅಲಕ್ಷ್ಯ" ಅಂತ ಇವರೇ ಅಂದರು.

ಆಗ ನಾನು ಎದ್ದೆ. ಮಿಷನ್ನು ಟೀಚರಮ್ಮನ ವರಾಂಡದಲ್ಲೇ ಇತ್ತು. ಗುಂಡಿ ಡಬ್ಬಿಯ ಕೆಳಗಿನ ಬಿಲ್ಲು ತಂದು ಮೇಜಿನ ಮೇಲಿಟ್ಟೆ. "ಎಂಟು ರೀಪು, ಹದಿನಾರು ಹೆಂಚು, ಎಲ್ಲ ಬದಲಾಯಿಸಿದೆ. ತಾರೀಖು ನೋಡು. ಮೇಸ್ತ್ರಿ ಇಲ್ಲೇ ಹಿಂದಿನ ಬೀದಿಯಲ್ಲಿದಾನೆ, ಕರೆದು ಕೇಳು."

ಇವರು ಬಿಲ್ಲು ನೋಡಿದರು, ನನ್ನನ್ನು ನೋಡಿದರು. ಹುಡುಗಿ ಬಿಲ್ಲನ್ನೂ ಪುಸ್ತಕವನ್ನೂ ಅಕ್ಕಪಕ್ಕ ಇಟ್ಟಳು.

"ಎರಡರಲ್ಲಿ ಒಂದು ಸುಳ್ಳು ಆಂಟಿ. ರಿಪೇರಿ ಆದ ಮರುವರ್ಷವೇ ಅದೇ ಜಾಗದಲ್ಲಿ ಒಂಬತ್ತು ರೀಪು ಹಾಳು ಅಂತ ಸರ್ ಬರೆದಿದಾರೆ. ಬಿಲ್ಲು ಬರೆದವರು ಮೇಸ್ತ್ರಿ. ಇದನ್ನ ಬರೆದವರು ಇಪ್ಪತ್ತೊಂಬತ್ತು ವರ್ಷದ ಸರ್ವೇಯರ್. ಆಫೀಸು ಯಾರನ್ನ ನಂಬುತ್ತೆ ಹೇಳಿ?" ಆಮೇಲೆ ಇವರ ಕಡೆ ತಿರುಗಿದಳು. "ಸರ್, ಆ ವರ್ಷ ನೀವು ಹತ್ತಿ ನೋಡಿದ್ರಾ?"

ಅಷ್ಟೇ ಕೇಳಿದ್ದು. ಹತ್ತಿದ್ದೆ ಅಂದರೆ ಸೂರು ಹೋಯಿತು. ಹತ್ತಿರಲಿಲ್ಲ ಅಂದರೆ ಮಾನ ಹೋಯಿತು. ಇವರು ಗೋಡೆಯ ಮೇಲಿನ ಫಲಕ ನೋಡಿದರು, ಮಂಡಿ ಸವರಿಕೊಂಡರು. ಪಾಪ ಅನ್ನಿಸಿತು ನನಗೆ, ಸುಳ್ಳು ಯಾಕೆ ಹೇಳಲಿ. ಕಪ್ಪುಹಲಗೆ ಪಕ್ಕದ ಕುರ್ಚಿಯಲ್ಲಿ ಟೀಚರಮ್ಮ ಮಕ್ಕಳ ನೋಟ್‌ಪುಸ್ತಕ ತಿದ್ದುತ್ತಾ ಇದ್ದರು.

ಹೊತ್ತು ನೋಡಿಕೊಂಡು ಬಂದ ಹಾಗೆ ಮಳೆ ಬಂತು. ತಗಡಿನ ಮೇಲೆ ಮಳೆ ಬಿದ್ದರೆ ಹೇಗಿರುತ್ತೆ ಗೊತ್ತಲ್ಲ? ಆ ಮನೆಯಲ್ಲಿ ಮಳೆ ಶುರುವಾದರೆ ಮಾತು ಬಂದ್. ಟೀಚರಮ್ಮ ಪಾಠವನ್ನೂ ಬಾಯಿಬಿಡದೆ ಹಲಗೆ ಮೇಲೆ ಬರೆದೇ ಮಾಡೋದು. ಅಲ್ಲಿದ್ದ ದಿನಗಳಲ್ಲಿ ನಮಗೆ ಕಾಫಿ ಬೇಕಾ ಅಂತಲೂ ಬರೆದೇ ಕೇಳಿದ್ದರು.

ಇವರು ಏನೋ ಅಂದರು.

"ಏನ್ ಸರ್? ಕೇಳಿಸ್ತಿಲ್ಲ!"

"ಹತ್ತಿರಲಿಲ್ಲ!"

"ಸ್ವಲ್ಪ ಜೋರಾಗಿ ಸರ್!"

"ಹತ್ತಿ ನೋಡಿರಲಿಲ್ಲ! ಕೂತಲ್ಲೇ ಬರೆದೆ! ಏಳು ವರ್ಷದಿಂದ ನಾನು ಯಾವ ಸೂರನ್ನೂ ಹತ್ತಿಲ್ಲ!"

ಕತ್ತಿನ ನರ ಉಬ್ಬಿ ಬರೋ ಹಾಗೆ ಕೂಗಿದರು. ಆ ಮನೆಗೆ ಹೆಂಚು ಇದ್ದಿದ್ದರೆ ಪಿಸುಗುಟ್ಟಿದರೂ ಸಾಕಾಗಿತ್ತು. ಮನೆಪಾಠಕ್ಕೆ ಬಂದು ವರಾಂಡದಲ್ಲಿ ನಿಂತಿದ್ದ ಮಕ್ಕಳೆಲ್ಲ ತಿರುಗಿ ನೋಡಿದವು. ಟೀಚರಮ್ಮ ಕೆಂಪು ಪೆನ್ನಿನ ಮುಚ್ಚಳ ಹಾಕಿ ಎದ್ದರು. ಸೀಮೆಸುಣ್ಣ ತಗೊಂಡು ಹಲಗೆ ಮೇಲೆ ದುಂಡಗೆ ಬರೆದರು.

"ನನ್ನ ಸೂರು ಹೋಗಿ ಐದು ವರ್ಷ."

ಬರೆದು ಕೈ ಒರೆಸಿಕೊಂಡು ಒಳಗೆ ಹೋದರು. ಮಳೆ ನಿಲ್ಲೋ ತನಕ ಯಾರೂ ಏಳಲಿಲ್ಲ, ಅದನ್ನು ಅಳಿಸೋಕೂ ಯಾರಿಗೂ ಕೈ ಬರಲಿಲ್ಲ. ಮಳೆ ನಿಂತ ಮೇಲೆ ಹುಡುಗಿ ಒಂದು ಹಾಳೆ ಕೊಟ್ಟಳು. ಏಳು ವರ್ಷದ ಟಿಪ್ಪಣಿಗಳು ನೋಡದೆ ಬರೆದವು ಅಂತ ಇವರು ಬರೆದು ಸಹಿ ಹಾಕಿದರು. ಗೀಟು ಎಳೆಯಲಿಲ್ಲ. ಅವಳು ಹೊರಡುವಾಗ ಬಾಗಿಲಲ್ಲಿ ತಡೆದು, ಟೀಚರಮ್ಮನ ಫೈಲು ಮತ್ತೆ ತೆಗೆಯೋಕಾಗುತ್ತಾ ಅಂತ ಮೆಲ್ಲಗೆ ಕೇಳಿದರು.

"ಮುಗಿದ ಫೈಲು ಸರ್. ವರದಿ ಬರೆದ ಸರ್ವೇಯರೇ ಮತ್ತೆ ನೋಡಿ, ನಾನು ತಪ್ಪು ಬರೆದಿದ್ದೆ ಅಂತ ಬರೆದುಕೊಟ್ಟರೆ ತೆಗೀಬಹುದು. ಕೊಡ್ತಾರೋ ಇಲ್ಲವೋ ಮೇಲಿನವರಿಗೆ ಬಿಟ್ಟಿದ್ದು. ಆದರೆ ಹಾಗೆ ಬರೆದುಕೊಟ್ಟರೆ ನಿಮ್ಮ ಮಿಕ್ಕ ಫೈಲುಗಳನ್ನೂ ತೆಗೀತಾರೆ ಸರ್."

ಇವರು ತಲೆ ಆಡಿಸಿದರು. ಅವತ್ತು ಸಂಜೆ ಫಲಕ ಮೊಳೆಯಿಂದ ಇಳಿಯಿತು.

ಮೇಸ್ತ್ರಿ ಸಾಕ್ಷಿ ಹೇಳಿದ, ಗಾಳಿಯಿಂದಲೇ ಹೋದದ್ದು ಅಂತ ಹುಡುಗಿ ವರದಿ ಕೊಟ್ಟಳು. ಮೂವತ್ತು ಮೊದಲು ಬಂತು, ಸೂರು ಎದ್ದ ಮೇಲೆ ಅರವತ್ತೂ ಬಂತು. ನಾವು ಮನೆಗೆ ವಾಪಸು ಬಂದೆವು. ತಲೆ ಮೇಲೆ ಹೊಸ ಹೆಂಚು, ಹೊಸ ಮರದ ವಾಸನೆ, ಕೆಳಗೆ ನನ್ನ ಮಿಷನ್ನು. ಮಳೆ ಬಂದರೆ ಸದ್ದೇ ಇಲ್ಲ. ಇವರಿಗೆ ಆ ಸದ್ದಿಲ್ಲದ್ದೇ ಕಷ್ಟವಾಯಿತು. ಮಳೆ ಬಂದಾಗೆಲ್ಲ ಕಿಟಕಿ ಹತ್ತಿರ ಹೋಗಿ ಪಕ್ಕದ ಮನೆ ಕಡೆ ಕಿವಿ ಇಟ್ಟುಕೊಂಡು ನಿಲ್ಲೋರು. ಹತ್ತು ದಿನ ನೋಡಿದೆ.

"ಅವತ್ತು ನೀವು ಏಣಿ ಹಾಕದೇ ಇದ್ದಿದ್ದು ನಾನು ಇದೇ ಕಿಟಕಿಯಿಂದ ನೋಡಿದ್ದೆ" ಅಂದೆ. "ನನಗೆ ಗೊತ್ತಿತ್ತು. ಹೇಳಲಿಲ್ಲ. ನಿಮ್ಮ ಮುಖ ಸಣ್ಣದಾಗುತ್ತೆ ಅಂತ ಅವರ ಸೂರು ಹೋಗಲಿ ಅಂತ ಬಿಟ್ಟೆ. ನಿಮ್ಮದಕ್ಕಿಂತ ನನ್ನದೇ ದೊಡ್ಡ ಅಲಕ್ಷ್ಯ." ಹೇಳ್ತಾ ಹೇಳ್ತಾ ಅಳು ಬಂದುಬಿಟ್ಟಿತು.

ಇವರು ಕಿಟಕಿ ಬಿಟ್ಟು ಬಂದು ನನ್ನ ಪಕ್ಕ ಕೂತರು. ಆಮೇಲೆ, "ಮಿಕ್ಕ ಫೈಲೂ ತೆಗೀತಾರಂತೆ ಕಣೇ" ಅಂದರು.

"ತೆಗೀಲಿ ಬಿಡಿ" ಅಂದೆ. "ಏಣಿ ನಾನು ಹಿಡ್ಕೋತೀನಿ."

ಟೀಚರಮ್ಮನ ಮನೆಗೆ ಏಣಿ ಹೊತ್ತುಕೊಂಡು ಹೋದೆವು, ಮುಂದಿನ ತುದಿ ಇವರು, ಹಿಂದಿನ ತುದಿ ನಾನು. ಬೀದಿಯವರೆಲ್ಲ ಬಾಗಿಲಿಗೆ ಬಂದು ನೋಡಿದರು. ಟೀಚರಮ್ಮ ಏನೂ ಕೇಳಲಿಲ್ಲ, ಕುರ್ಚಿ ಸರಿಸಿ ಏಣಿಗೆ ಜಾಗ ಮಾಡಿಕೊಟ್ಟರು. ಇವರು ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಇಟ್ಟು, "ಅಮ್ಮಾ" ಅಂತ ಮುಲುಕುತ್ತಾ ಹತ್ತಿದರು. ತಗಡಿನ ಅಡಿಯ ತೊಲೆಗೆ ಟಾರ್ಚು ಬಿಟ್ಟರು. ಚಾಕು ತೆಗೆದು ಚುಚ್ಚಿದರು. ಟಕ್ ಅಂತು. ಅತ್ತ ಚುಚ್ಚಿದರು, ಟಕ್. ಇತ್ತ ಚುಚ್ಚಿದರು, ಟಕ್. ಕೊನೆಗೆ ಮೈಭಾರವೆಲ್ಲ ಹಾಕಿ ಒತ್ತಿದರು. ಚಾಕುವಿನ ತುದಿಯೇ ಮುರಿದು ನನ್ನ ಕಾಲ ಹತ್ತಿರ ಬಿತ್ತು.

"ಹೋಗ್ತಿಲ್ಲ ಕಣೇ" ಅಂದರು. "ಒಂದು ಹುಳ ಇಲ್ಲ."

ಮೇಲೇ ನಿಂತು ಜೇಬಿನಿಂದ ಹಾಳೆ, ಪೆನ್ನು ತೆಗೆದರು. ಇಪ್ಪತ್ತೊಂಬತ್ತು ವರ್ಷ ಯಾರನ್ನೂ ಒಂದು ಅಕ್ಷರ ಕೇಳದೆ ಬರೆದ ಮನುಷ್ಯ, ಕೆಳಗೆ ಬಗ್ಗಿ, "ಟೀಚರಮ್ಮ, ಏನಂತ ಬರೀಲಿ?" ಅಂತ ಕೇಳಿದರು.

ಟೀಚರಮ್ಮ ಫಲಕ ಇದ್ದ ಖಾಲಿ ಮೊಳೆ ಕಡೆ ಒಮ್ಮೆ ನೋಡಿದರು.

"ಕಂಡದ್ದನ್ನೇ ಬರೀರಿ ಸಾಹೇಬ್ರೇ" ಅಂದರು.